ಪುಟ 145ರಿಂದ 160

ಜನವರಿ 12

ಪ್ರಿಯ ಶಾಯಿ,

ಅಕ್ಷರ ನೋಡಿ ಯಾರ ಕಾಗದವೆಂದು ನಿನಗೆ ಗೊತ್ತಾಗಲಿಕ್ಕಿಲ್ಲ. ಅಕ್ಷರ ನನ್ನ ಸೊಸೆಯದು, ಬಾಯಿ ನನ್ನದು. ಮೂರು ವರ್ಷದಿಂದ ನನಗೆ ಕಣ್ಣು ಕಾಣುವುದಿಲ್ಲ. ಮೊದಲು ಸಾಲಿನ ನಡುಭಾಗ ಅಳಿಸಿಹೋಯಿತು, ಆಮೇಲೆ ಸಾಲೇ ಹೋಯಿತು, ಈಗ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಉಳಿದಿದೆ. ಡಾಕ್ಟರು ಕಾಯಿಲೆಗೆ ಉದ್ದನೆಯ ಹೆಸರೊಂದು ಹೇಳಿದರು. ಅದರ ಕಾಗುಣಿತ ಕೇಳಿದೆ, ಅವರು ಬೇಜಾರು ಮಾಡಿಕೊಂಡರು. ಮೂವತ್ತೆಂಟು ವರ್ಷ ಕರಡು ತಿದ್ದಿದವಳ ಚಾಳಿ ಕಣ್ಣಿನ ಜೊತೆಗೆ ಹೋಗುವುದಿಲ್ಲ ನೋಡು.

ನೀನು ಸಿಕ್ಕಿದ ಬಗೆ ಹೇಳುತ್ತೇನೆ. ನಮ್ಮಂಥವರಿಗಾಗಿ ಇಲ್ಲೊಂದು ಕೇಳುವ ಪುಸ್ತಕಾಲಯವಿದೆ. ಕಣ್ಣಿರುವವರು ಬಿಡುವು ಮಾಡಿಕೊಂಡು ಬಂದು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುತ್ತಾರೆ, ನಾವು ಮನೆಯಲ್ಲಿ ಕೂತು ಕೇಳುತ್ತೇವೆ. ಅವರು ವರ್ಷಕ್ಕೊಮ್ಮೆ ಪುಸ್ತಕಪ್ರಿಯರಿಗೊಂದು ಕೈಪಿಡಿ ಹೊರತರುತ್ತಾರೆ. ಯಾವ ಊರಲ್ಲಿ ಯಾವ ಓದುಗರ ಕೂಟ, ಎಲ್ಲಿ ಹಳೆಯ ಪುಸ್ತಕ ಸಿಗುತ್ತದೆ, ಹರಿದ ಪುಸ್ತಕಕ್ಕೆ ಯಾರು ಹೊಲಿಗೆ ಹಾಕಿಕೊಡುತ್ತಾರೆ, ಯಾವ ವಾಚನಾಲಯದಲ್ಲಿ ಕೂರಲು ಕುರ್ಚಿ ಇದೆ, ಎಲ್ಲವೂ ಅದರಲ್ಲಿರುತ್ತದೆ. ಸೊಸೆ ಮೊನ್ನೆ ಅದನ್ನು ಓದಿಹೇಳುತ್ತಿದ್ದಳು. ‘ಹಳೆಯ ಪುಸ್ತಕದ ಅಂಗಡಿ, ಅಂಚೆ ಕಚೇರಿಯ ಹಿಂದೆ. ಎರವಲು ಕಪಾಟು ಇದೆ. ಭಾನುವಾರ ಹತ್ತು ಗಂಟೆಗೆ ಓದುಗರ ಕೂಟ. ಪುಟದ ಮೂಲೆ ಮಡಚುವವರು ಬರುವ ಅಗತ್ಯವಿಲ್ಲ.’ ಒಡತಿಯ ಹೆಸರು ಓದುವ ಮೊದಲೇ ನಾನು ನಿನ್ನ ಹೆಸರು ಹೇಳಿದೆ. ಮೂಲೆ ಮಡಚಿದ್ದಕ್ಕೆ ಪ್ರೆಸ್ಸಿನ ಮ್ಯಾನೇಜರ ಕೈಯಿಂದಲೇ ಹಸ್ತಪ್ರತಿ ಕಿತ್ತುಕೊಂಡವಳು ನೀನಲ್ಲದೆ ಇನ್ಯಾರು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಕಾದಂಬರಿಯನ್ನು ಪುಸ್ತಕಾಲಯದವರಿಂದ ಓದಿಸಬೇಕೆಂದಿದ್ದೇನೆ. ಅದಕ್ಕೆ ಬರೆದವರ ಒಪ್ಪಿಗೆ ಪತ್ರ ಬೇಕಂತೆ. ಅದನ್ನು ಕೇಳಬೇಕೆಂದು ನನಗೆ ತುಂಬ ಆಸೆ. ನೀನು ಕೊಟ್ಟ ಪ್ರತಿ ಟ್ರಂಕಿನಲ್ಲಿ ಹಾಗೆಯೇ ಇದೆ.

ಪ್ರೆಸ್ಸಿನಲ್ಲಿ ಏಳು ವರ್ಷ ಒಂದೇ ಮೇಜಿನಲ್ಲಿ ಕೂತವರು ನಾವು. ಹಸ್ತಪ್ರತಿ ಗಟ್ಟಿಯಾಗಿ ಓದುವವಳು ನೀನು, ಎದುರಿಗೆ ಕೂತು ಕರಡಿನ ಮೇಲೆ ಪೆನ್ಸಿಲ್ ಆಡಿಸುವವಳು ನಾನು. ಶಾಯಿ, ಅಲ್ಪವಿರಾಮ ಎಂದು ನಾವು ಒಬ್ಬರಿಗೊಬ್ಬರು ಹೆಸರಿಟ್ಟುಕೊಂಡದ್ದೂ ಅಲ್ಲೇ. ಕಾದಂಬರಿ ಬಿಡುಗಡೆಯಾಗಿ ಎರಡು ತಿಂಗಳಿಗೆ ನೀನು ಕೆಲಸ ಬಿಟ್ಟು ಊರೂ ಬಿಟ್ಟೆ. ನಿನ್ನ ಹಳೆಯ ವಿಳಾಸಕ್ಕೆ ನಾನು ನಾಲ್ಕು ಕಾಗದ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಮೂವತ್ತೊಂದು ವರ್ಷವಾಯಿತು, ನಾನು ಮಾಡಿದ ತಪ್ಪೇನೆಂದು ಇನ್ನೂ ಗೊತ್ತಿಲ್ಲ. ಇದ್ದರೆ ಹೇಳು. ತಿದ್ದುವುದೇ ನನ್ನ ಕಸುಬಾಗಿತ್ತು.

ನಿನ್ನ,
ಅಲ್ಪವಿರಾಮ

(ಅತ್ತೆ ಹೇಳಿದ್ದಷ್ಟೇ ಬರೆದಿದ್ದೇನೆ. ಕಾಗುಣಿತದ ತಪ್ಪುಗಳು ಮಾತ್ರ ನನ್ನವು. ಸೊಸೆ)


ಫೆಬ್ರವರಿ 3

ನಿನ್ನ ಕಾಗದ ತಲುಪಿತು. ಕಣ್ಣಿನ ವಿಷಯ ಕೇಳಿ ಬೇಸರವಾಯಿತು.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಓದಿಸುವುದಾದರೆ ಓದಿಸು. ಆ ಪುಸ್ತಕಕ್ಕೂ ನನಗೂ ಈಗ ಹೆಚ್ಚಿನ ಸಂಬಂಧ ಉಳಿದಿಲ್ಲ. ಇಲ್ಲಿ ನಾನು ಬೇರೆಯವರ ಪುಸ್ತಕ ಮಾರುತ್ತೇನೆ. ಒಂದು ಕೋಣೆ, ಹನ್ನೊಂದು ಕಪಾಟು, ಒಂದು ಏಣಿ. ಭಾನುವಾರ ಏಳೆಂಟು ಜನ ಸೇರುತ್ತಾರೆ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಒಬ್ಬರ ಮಾತು ಇನ್ನೊಬ್ಬರು ಕೇಳದೆ ಹೋಗುತ್ತಾರೆ. ನಾನೂ ಒಂದು ಪುಸ್ತಕ ಬರೆದಿದ್ದೆನೆಂದು ಇವರಿಗೆ ಗೊತ್ತಿಲ್ಲ. ಗೊತ್ತಾಗುವುದು ನನಗೆ ಬೇಡ.

ನಿನ್ನ ತಪ್ಪೇನೆಂದು ಕೇಳಿದ್ದೀಯ. ಮೊದಲು ಪುಸ್ತಕ ಪೂರ್ತಿ ಓದಿಸಿ ಕೇಳು. ಆಮೇಲೂ ಗೊತ್ತಾಗದಿದ್ದರೆ ಬರೆ.

ಇಂತಿ,
ಅಂಗಡಿಯವಳು


ಮಾರ್ಚ್ 9

ಪ್ರಿಯ ಶಾಯಿ,

ಹನ್ನೆರಡು ಸಾಲಿನಲ್ಲಿ ಮೂವತ್ತೊಂದು ವರ್ಷ ಮುಗಿಸಿಬಿಟ್ಟೆಯಲ್ಲ. ಇರಲಿ, ಉತ್ತರ ಬಂತು, ಅದೇ ದೊಡ್ಡದು. ಸೊಸೆಯ ಕೈಯಲ್ಲಿ ಎರಡು ಸಲ ಓದಿಸಿದೆ. ಮೂರನೆಯ ಸಲ ಕೇಳಿದಾಗ ‘ಇದರಲ್ಲಿ ಇನ್ನೇನೂ ಇಲ್ಲ ಅತ್ತೆ’ ಎಂದಳು.

ನಿನ್ನ ಪುಸ್ತಕ ಓದಲು ಸಿಕ್ಕಿರುವುದು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು. ಗಂಟಲು ಹೇಗಿದೆಯೆಂದರೆ ಹಿಂದಿನ ಸೀಟಿನವರಿಗೂ ಕೇಳಬೇಕು. ಪುಸ್ತಕಾಲಯದ ನಿಯಮದಂತೆ ಪ್ರತಿ ಪುಟದ ಆರಂಭದಲ್ಲಿ ಪುಟಸಂಖ್ಯೆ ಹೇಳಬೇಕು. ಅವರು ಅದನ್ನು ಮುಂದಿನ ಸ್ಟಾಪ್ ಬಂತೆಂಬಂತೆ ಕೂಗುತ್ತಾರೆ. ಆದರೆ ಕಥೆಗೆ ಇಳಿದರೆಂದರೆ ಗಂಟಲು ತಾನಾಗಿ ತಗ್ಗುತ್ತದೆ. ಹೊಲಿಗೆ ಅಂಗಡಿಯ ಅಕ್ಕತಂಗಿ ಜಗಳವಾಡಿ ತಂಗಿ ಹೊರಟುಹೋಗುವ ಭಾಗ ಓದಿದ ದಿನ ಸ್ವಲ್ಪ ಹೊತ್ತು ನಿಲ್ಲಿಸಿ ನೀರು ಕುಡಿದರಂತೆ. ನಿಲ್ಲಿಸಿದ್ದು ಧ್ವನಿಮುದ್ರಣದಲ್ಲೂ ಗೊತ್ತಾಗುತ್ತದೆ. ಆರೆಂಟು ಪುಟ ಆದ ಹಾಗೆ ನನಗೆ ಕಳುಹಿಸುತ್ತಾರೆ, ನಾನು ಕಾಯ್ದು ಕೂತಿರುತ್ತೇನೆ.

ನಿನ್ನೆ ಅವರೇ ಫೋನ್ ಮಾಡಿದ್ದರು. ‘ಅಮ್ಮ, ನಿಮ್ಮ ಪುಸ್ತಕದಲ್ಲಿ ನೂರ ಇಪ್ಪತ್ತೊಂಬತ್ತರಿಂದ ನೂರ ನಲವತ್ತನಾಲ್ಕು ಎರಡು ಸಲ ಇದೆ. ನೂರ ನಲವತ್ತೈದರಿಂದ ನೂರ ಅರವತ್ತು ಇಲ್ವೇ ಇಲ್ಲ’ ಎಂದರು. ಹದಿನಾರು ಪುಟ, ಒಂದು ದೊಡ್ಡ ಹಾಳೆ ಅಚ್ಚು ಮಾಡಿ ಮಡಚಿದರೆ ಆಗುವಷ್ಟು, ಸರಿಯಾಗಿ ಒಂದು ಫಾರಂ. ಪುಸ್ತಕ ಕಟ್ಟುವವರು ಒಂಬತ್ತನೆಯ ಫಾರಮ್ಮನ್ನು ಎರಡು ಸಲ ಇಟ್ಟು ಹತ್ತನೆಯದನ್ನು ಮರೆತಿದ್ದಾರೆ. ನನ್ನ ಪ್ರತಿ ಹಾಳು ಪ್ರತಿಯಾಗಿರಬೇಕು. ಕಂಡಕ್ಟರು ಇನ್ನೂ ಒಂದು ಮಾತು ಕೇಳಿದರು. ‘ನೀವು ಓದುವಾಗ ಗಮನಿಸಲಿಲ್ಲವಾ?’ ನಾನು ಏನೋ ಹೇಳಿ ಫೋನಿಟ್ಟೆ.

ನೂರ ನಲವತ್ತನಾಲ್ಕನೇ ಪುಟದ ಕೊನೆಯಲ್ಲಿ ಎಷ್ಟೋ ವರ್ಷದ ಮೇಲೆ ತಂಗಿ ಬಂದು ಅಕ್ಕನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಳೆ. ಅಕ್ಕ ತಲೆಯೆತ್ತಿ ನೋಡಿದ್ದಾಳೆ. ನೂರ ಅರವತ್ತೊಂದರಲ್ಲಿ ಇಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಹೊಲಿಯುತ್ತಿದ್ದಾರಂತೆ. ನಡುವೆ ಏನಾಯಿತೆಂದು ತಿಳಿಯದೆ ಕಂಡಕ್ಟರಿಗೆ ಊಟ ಸೇರುತ್ತಿಲ್ಲ. ಒಂದು ಸರಿಯಾದ ಪ್ರತಿ ಕಳುಹಿಸುತ್ತೀಯಾ?

ನಿನ್ನ,
ಅಲ್ಪವಿರಾಮ


ಮಾರ್ಚ್ 20

ಸರಿಯಾದ ಪ್ರತಿ ಇಲ್ಲ. ಐದುನೂರು ಪ್ರತಿಯೂ ಹಾಗೆಯೇ.

ನನಗೆ ಗೊತ್ತಾದದ್ದು ಬಿಡುಗಡೆಯಾಗಿ ಒಂದೂವರೆ ತಿಂಗಳ ಮೇಲೆ. ಯಾವುದೋ ಪಠ್ಯಪುಸ್ತಕದ ಕಟ್ಟನ್ನು ಮೇಜಿನ ಮೇಲೆ ತಂದಿಟ್ಟರು. ಸುತ್ತಿದ ಕಾಗದದ ಮೇಲೆ ನನ್ನ ಸಾಲು ಇತ್ತು. ಹಾಳಾದ ಹಾಳೆಗಳನ್ನು ಕಟ್ಟಿಗೆ ಸುತ್ತುವುದು ಇದ್ದದ್ದೇ ಎಂದುಕೊಂಡೆ. ಎರಡನೆಯ ಕಟ್ಟೂ ಹಾಗೆಯೇ, ಮೂರನೆಯದೂ ಹಾಗೆಯೇ. ಗೋದಾಮಿಗೆ ಹೋಗಿ ನೋಡಿದರೆ ಹತ್ತನೆಯ ಫಾರಂ ಅಷ್ಟೂ ಅಲ್ಲಿ ಕೂತಿತ್ತು. ಆಗ ನನ್ನ ಪುಸ್ತಕ ಬಿಚ್ಚಿ ನೋಡಿದೆ.

ಒಂದೂವರೆ ತಿಂಗಳಲ್ಲಿ ಒಬ್ಬರೂ ಬಂದು ಹದಿನಾರು ಪುಟ ಎಲ್ಲಿ ಎಂದು ಕೇಳಲಿಲ್ಲ. ಒಬ್ಬರೂ ಓದಿಲ್ಲ ಎಂದಾಯಿತು.

ನೀನು ಮಾತ್ರ ಓದಿದ್ದೆ. ಬಿಡುಗಡೆಯಾದ ಒಂಬತ್ತನೆಯ ದಿನ ಮಧ್ಯಾಹ್ನ ಟೀ ಹೊತ್ತಿಗೆ ಎಲ್ಲರ ಮುಂದೆ ಹೇಳಿದೆ. ‘ಎರಡು ದಿನ ಕೂತು ಮೊದಲಿಂದ ಕೊನೆತನಕ ಓದಿದೆ ಕಣೇ, ಒಂದು ಪುಟಾನೂ ಬಿಡಲಿಲ್ಲ. ಆ ಅಕ್ಕತಂಗಿ ಒಂದಾಗೋದು ಓದಿ ಕಣ್ಣಲ್ಲಿ ನೀರು ಬಂತು.’

ಅಕ್ಕತಂಗಿ ಒಂದಾಗುವುದು ನೂರ ನಲವತ್ತೈದರಿಂದ ನೂರ ಅರವತ್ತರಲ್ಲಿ.

ಅಂಗಡಿಯವಳು


ಏಪ್ರಿಲ್ 28

ಶಾಯಿ,

ಒಂದು ತಿಂಗಳಾದರೂ ಬರೆಯಲಿಲ್ಲ. ಹೇಳಬೇಕಾದದ್ದನ್ನು ಸೊಸೆಯ ಎದುರಿಗೆ ಹೇಳಬೇಕಾಗಿತ್ತು, ನಾಚಿಕೆಯಾಗುತ್ತಿತ್ತು. ಕೊನೆಗೆ ಅವಳೇ ‘ನಾನು ಮೆಡಿಕಲ್ ಶಾಪಿನವಳು ಅತ್ತೆ, ಯಾರ್ಯಾರಿಗೆ ಏನೇನು ಕಾಯಿಲೆ ಅಂತ ನನಗೆ ಗೊತ್ತು, ಯಾರಿಗೂ ಹೇಳಲ್ಲ, ಶುರು ಮಾಡಿ’ ಎಂದಳು.

ಓದಿರಲಿಲ್ಲ. ಬಿಚ್ಚಿಯೇ ಇರಲಿಲ್ಲ. ಅಂದು ಟೀ ಹೊತ್ತಿಗೆ ಹೇಳಿದ್ದು ಸುಳ್ಳು.

ಇದು ನೆಪವಲ್ಲ, ಆದದ್ದು ಹೇಳುತ್ತೇನೆ. ಕರಡು ತಿದ್ದುವವರು ಅಚ್ಚಾದ ಪುಸ್ತಕ ತೆರೆಯುವುದಿಲ್ಲ. ನೀನೂ ಆ ಕೋಣೆಯಲ್ಲಿದ್ದವಳು, ನಿನಗೆ ಗೊತ್ತು. ತೆರೆದ ಪುಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ನಾವು ಬಿಟ್ಟ ತಪ್ಪೇ. ಬೇರೆಯವರ ಪುಸ್ತಕದಲ್ಲಾದರೆ ಒಂದು ದಿನ ಕಿರಿಕಿರಿ, ನಿನ್ನ ಪುಸ್ತಕದಲ್ಲಿ ಕಂಡರೆ ತಡೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಟ್ರಂಕಿನಲ್ಲಿಟ್ಟೆ. ನೀನು ದಿನಾ ಬೆಳಿಗ್ಗೆ ಬಂದು ನನ್ನ ಮುಖ ನೋಡುತ್ತಿದ್ದೆ, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಒಂಬತ್ತನೆಯ ದಿನ ನಾನು ಸುಳ್ಳು ಹೇಳಿದೆ, ಅಕ್ಕತಂಗಿ ಒಂದಾಗುತ್ತಾರೆಂದು ನಿನ್ನ ಬಾಯಿಂದಲೇ ಕೇಳಿದ್ದೆ.

ಕರಡಿನಲ್ಲಿ ನಾಲ್ಕು ಸಲ ಓದಿದ್ದೆನಲ್ಲ, ಅದು ಓದಿದ ಲೆಕ್ಕವೇ ಎಂದುಕೊಂಡಿದ್ದೆ. ಅಲ್ಲ. ನಾನು ಓದಿದ್ದು ಕೊಂಬು, ದೀರ್ಘ, ಒತ್ತು. ತಂಗಿ ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಿರಲಿಲ್ಲ. ‘ಬಾಗಿಲಲ್ಲಿ’ ಎಂಬ ಮಾತಿನಲ್ಲಿ ಒತ್ತು ಸರಿಯಾಗಿದೆ ಎಂದು ಮಾತ್ರ ಗೊತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಸಾವಿರ ಪುಸ್ತಕ ನನ್ನ ಕೈ ದಾಟಿವೆ, ಒಂದನ್ನೂ ಓದಿಲ್ಲ. ಕಣ್ಣು ಹೋದ ಮೇಲೆ ಮೊದಲ ಸಲ ಪುಸ್ತಕವೊಂದನ್ನು ಕೇಳಿದಾಗ ಗಾಬರಿಯಾಯಿತು. ಕಿವಿಗೆ ಕಾಗುಣಿತ ಕಾಣುವುದಿಲ್ಲವಲ್ಲ, ಜನ ಮಾತ್ರ ಕಾಣುತ್ತಾರೆ. ಅಂದಿನಿಂದ ನಿನ್ನ ಪುಸ್ತಕ ಕೇಳಬೇಕೆಂದು ಒದ್ದಾಡಿದ್ದೇನೆ.

ನೀನು ಕ್ಷಮಿಸಬೇಕೆಂದು ಕೇಳುವ ಧೈರ್ಯ ಇಲ್ಲ. ಹಸ್ತಪ್ರತಿ ನಿನ್ನ ಹತ್ತಿರ ಇದ್ದರೆ ಆ ಹದಿನಾರು ಪುಟ ಮಾತ್ರ ಕಳುಹಿಸು. ಪೂರ್ತಿ ಕೇಳಬೇಕು. ಈಗ ನನಗೆ ಬೇಕಾದದ್ದು ಅದೊಂದೇ.

ಅಲ್ಪವಿರಾಮ


ಜೂನ್ 10

ಅಂಗಡಿಯ ಅಮ್ಮನವರಿಗೆ ನಮಸ್ಕಾರ.

ನಾನು ಸೊಸೆ. ಈ ಕಾಗದ ಅತ್ತೆಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಮೆಡಿಕಲ್ ಶಾಪಿನಲ್ಲಿ ಊಟದ ಬಿಡುವು, ಮಾತ್ರೆಯ ಡಬ್ಬದ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ. ಇಷ್ಟು ದಿನ ಅವರ ಮಾತು ಬರೆದು ಬರೆದು ನನ್ನದು ಬರೆಯಲು ಕೈ ಓಡುತ್ತಿಲ್ಲ.

ನಿಮ್ಮ ಉತ್ತರ ಬರಲಿಲ್ಲ. ಅತ್ತೆ ಇನ್ನೊಮ್ಮೆ ಕೇಳುವುದಿಲ್ಲ, ಅವರ ಸ್ವಭಾವ ನಿಮಗೆ ಗೊತ್ತಿರಬೇಕು. ಕಾದಂಬರಿಯ ಧ್ವನಿಮುದ್ರಣವನ್ನು ಮೇ ತಿಂಗಳಲ್ಲಿ ಪುಸ್ತಕಾಲಯದವರು ಎಲ್ಲರಿಗೂ ಬಿಟ್ಟರು. ‘ಪುಟ ನೂರ ನಲವತ್ತೈದರಿಂದ ನೂರ ಅರವತ್ತು ಈ ಪ್ರತಿಯಲ್ಲಿ ಇಲ್ಲ’ ಎಂದು ಕಂಡಕ್ಟರು ನಡುವೆ ಹೇಳುತ್ತಾರೆ. ಅತ್ತೆ ಅಲ್ಲಿಯವರೆಗೆ ಕೇಳಿ ಆರಿಸುತ್ತಾರೆ. ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳುತ್ತಾರೆ. ಈಗ ಮೂರನೆಯ ಸಲ. ಮುಂದಿನದನ್ನು ಕೇಳಿ ಎಂದು ನನ್ನ ಗಂಡ ಹೇಳಿದ್ದಕ್ಕೆ, ‘ಅಲ್ಲೊಬ್ಬಳು ನಿಂತೇ ಇದಾಳೆ, ಅವಳನ್ನ ಬಿಟ್ಟು ನಾನು ಮುಂದೆ ಹೋಗ್ಲಾ?’ ಎಂದರು.

ಇನ್ನೊಂದು ವಿಷಯ. ಪುಸ್ತಕ ಕೊಟ್ಟವರು ಎಂದು ಪುಸ್ತಕಾಲಯದವರು ನಮ್ಮ ಮನೆಯ ಫೋನ್ ನಂಬರು ಕೊಟ್ಟಿದ್ದಾರೆ. ಒಂದು ತಿಂಗಳಲ್ಲಿ ಹತ್ತೊಂಬತ್ತು ಜನ ಫೋನ್ ಮಾಡಿದರು. ಕುರ್ಚಿಗೆ ಬೆತ್ತ ಹೆಣೆಯುವವರೊಬ್ಬರು, ‘ಆ ಹದಿನಾರು ಪುಟ ಏನು ಇಲಿ ತಿಂತಾ?’ ಎಂದು ರೇಗಿದರು. ಒಬ್ಬರು ಟೀಚರು ಎರಡು ಸಲ ಮಾಡಿದರು, ಅಕ್ಕ ತಂಗಿಗೆ ಹೊಡೆದಳೋ ಇಲ್ಲವೋ ಅಷ್ಟು ಹೇಳಿ ಸಾಕು ಎನ್ನುತ್ತಾರೆ. ಅತ್ತೆ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ: ‘ಬರೆದವರನ್ನ ಕೇಳಿದೀನಿ.’

ಹತ್ತೊಂಬತ್ತು ಜನರ ಪರವಾಗಿ, ಮತ್ತು ಮನೆಯಲ್ಲಿ ದಿನಾ ಕೇಳಿ ಕೇಳಿ ಪುಟ ನೂರ ನಲವತ್ತನಾಲ್ಕು ಬಾಯಿಪಾಠವಾಗಿರುವ ನನ್ನ ಪರವಾಗಿ, ನಾನೂ ಕೇಳುತ್ತಿದ್ದೇನೆ.

ಇಂತಿ ನಮಸ್ಕಾರಗಳು,
ಸೊಸೆ


ಜುಲೈ 2

ಅಲ್ಪವಿರಾಮ,

ಹಸ್ತಪ್ರತಿ ಇಲ್ಲ. ಪ್ರೆಸ್ ಮುಚ್ಚಿದಾಗ ಹಳೆಯ ಕಾಗದದ ಜೊತೆ ಹೋಗಿರಬೇಕು. ಆ ಪುಟಗಳು ಈಗ ಎಲ್ಲಿಯೂ ಇಲ್ಲ.

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯದಿದ್ದಕ್ಕೆ ಕಾರಣ ಕೋಪವಲ್ಲ. ನೀನು ನಿಜ ಹೇಳಿದ ಮೇಲೆ ನಾನೂ ಹೇಳಬೇಕಾಗಿ ಬಂತು. ಅದು ನನಗೆ ಇಷ್ಟವಿರಲಿಲ್ಲ.

ಯಾರೂ ಓದಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನಾನು ರಾಜೀನಾಮೆ ಕೊಟ್ಟ ಮೇಲೆ, ಕೊನೆಯ ವಾರದಲ್ಲಿ ಪ್ರೆಸ್ಸಿನ ವಿಳಾಸಕ್ಕೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಬರೆದವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ‘ನನ್ನ ಪ್ರತಿಯಲ್ಲಿ 145ರಿಂದ 160ರವರೆಗಿನ ಪುಟಗಳಿಲ್ಲ. ತಂಗಿ ಬಾಗಿಲಲ್ಲೇ ನಿಂತಿದ್ದಾಳೆ. ದಯವಿಟ್ಟು ಕಳುಹಿಸಿ’ ಎಂದಿತ್ತು. ಆಗಲೂ ಗೋದಾಮಿನಲ್ಲಿ ಮುನ್ನೂರು ಹಾಳೆಯಾದರೂ ಇದ್ದವು. ಕೆಳಗೆ ಇಳಿದು ಒಂದು ಹಾಳೆ ತಂದು, ಮಡಚಿ, ಲಕೋಟೆಗೆ ಹಾಕುವುದು ಅರ್ಧ ಗಂಟೆಯ ಕೆಲಸ. ಮ್ಯಾನೇಜರಿಗೆ ಹೇಳಿದ್ದರೆ ಉಳಿದ ಪ್ರತಿಗಳನ್ನೂ ಬಿಚ್ಚಿ ಸರಿಪಡಿಸಬಹುದಿತ್ತು. ಮಾಡಲಿಲ್ಲ. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಯಾಕೆಂದು ಬಹಳ ವರ್ಷ ನನ್ನನ್ನೇ ಕೇಳಿಕೊಂಡಿಲ್ಲ. ಈಗ ಹೇಳುತ್ತೇನೆ. ಒಬ್ಬರು ಓದುತ್ತಾರೆಂದರೆ ಇನ್ನೊಂದು ಬರೆಯಬೇಕಾಗುತ್ತದೆ. ಇನ್ನೊಂದು ಬರೆಯಲು ನನ್ನಿಂದಾಗುವುದಿಲ್ಲ ಎಂಬ ಹೆದರಿಕೆ ಮೊದಲ ಪುಸ್ತಕ ಅಚ್ಚಿಗೆ ಹೋದ ದಿನವೇ ಶುರುವಾಗಿತ್ತು. ನಿನ್ನ ಸುಳ್ಳು ಒಳ್ಳೆಯ ನೆಪವಾಗಿ ಒದಗಿತು. ಗೆಳತಿಯೇ ಓದಲಿಲ್ಲ, ಇನ್ನು ಯಾರಿಗಾಗಿ ಬರೆಯಲಿ ಎಂದು ಹೇಳಿಕೊಂಡು ಮೂವತ್ತೊಂದು ವರ್ಷ ಅಂಗಡಿಯಲ್ಲಿ ಹಾಯಾಗಿ ಕೂತೆ. ತಪ್ಪೆಲ್ಲ ನಿನ್ನ ತಲೆಗೆ ಕಟ್ಟಿದೆ.

ಹತ್ತೊಂಬತ್ತು ಜನ ಕೇಳುತ್ತಿದ್ದಾರೆಂದು ತಿಳಿಯಿತು. ಯಾರು ಹೇಳಿದರೆಂದು ವಿಚಾರಿಸಬೇಡ, ಆಕೆಯನ್ನು ಬೈಯಲೂ ಬೇಡ.

ಆ ಪುಟಗಳಲ್ಲಿ ಏನು ಬರೆದಿದ್ದೆನೆಂದು ನನಗೆ ನೆನಪಿಲ್ಲ. ಕೂತು ಯೋಚಿಸಿದರೂ ಬರುತ್ತಿಲ್ಲ. ನಿನಗೇನಾದರೂ ನೆನಪಿದೆಯೇ?

ಅಂಗಡಿಯವಳು


ಜುಲೈ 19

ಶಾಯಿ,

ಸೊಸೆಯನ್ನು ಬೈಯಲಿಲ್ಲ. ಕಾಫಿ ಮಾಡಿಕೊಡೆಂದೆ, ಅವಳಿಗೆ ಅರ್ಥವಾಯಿತು.

ನಿನ್ನ ಕಾಗದ ಕೇಳಿ ಒಂದು ದಿನ ನಿನ್ನ ಮೇಲೆ ಸಿಟ್ಟು ಬಂದಿತ್ತು. ಮೂವತ್ತೊಂದು ವರ್ಷ ನಾನೇನು ಮಾಡಿದೆ ಎಂದು ತಲೆ ಕೆಡಿಸಿಕೊಂಡವಳು ನಾನು. ಮರುದಿನ ಸಿಟ್ಟು ಇಳಿಯಿತು. ಆ ಟೆಲಿಫೋನಿನ ಹೆಂಗಸನ್ನು ನೆನೆದು ಮಾತ್ರ ಇನ್ನೂ ಸಂಕಟವಾಗುತ್ತದೆ.

ಕಥೆ ನನಗೆ ನೆನಪಿಲ್ಲ. ನಾನು ತಿದ್ದಿದ್ದು ನೆನಪಿದೆ. ಅದನ್ನೇ ಹೇಳುತ್ತೇನೆ, ಉಪಯೋಗವಾದರೆ ನೋಡು.

146ರಲ್ಲಿ ‘ಕತ್ತರಿ’ಗೆ ಒತ್ತು ಬಿಟ್ಟುಹೋಗಿತ್ತು. ಹಾಗಾದರೆ ಅಲ್ಲೊಂದು ಕತ್ತರಿ ಇದ್ದಿರಬೇಕು. 149ರಲ್ಲಿ ನೀನು ‘ಹೊಸಿಲು’ ‘ಹೊಸ್ತಿಲು’ ಎರಡೂ ಬರೆದಿದ್ದೆ, ಯಾವುದಾದರೂ ಒಂದನ್ನು ಇಟ್ಟುಕೋ ಎಂದು ನಾನು ಗುರುತು ಹಾಕಿದ್ದೆ. ಅಂದರೆ ಐದು ಪುಟವಾದರೂ ತಂಗಿ ಒಳಗೆ ಬಂದಿರಲಿಲ್ಲ. 152 ಚೆನ್ನಾಗಿ ನೆನಪಿದೆ. ಒಂದೇ ಪುಟದಲ್ಲಿ ‘ಕ್ಷಮಿಸು’ ಎಂಬ ಮಾತು ನಾಲ್ಕು ಸಲ ಇತ್ತು. ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿದೆ. ನೀನು ಪಕ್ಕದಲ್ಲಿ ‘ಇರಲಿ’ ಎಂದು ಬರೆದೆ. 157ರಲ್ಲಿ ಯಾರೋ ಮಾತು ಶುರುಮಾಡಿದ್ದರು, ಕೊನೆಗೆ ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಮಾತಾಡಿದ್ದು ಅಕ್ಕನೋ ತಂಗಿಯೋ ಹೊಳೆಯುತ್ತಿಲ್ಲ. ನಾನು ಚಿಹ್ನೆ ಹಾಕಿ ಮುಂದೆ ಹೋದೆ.

ಇಷ್ಟೇ. ನಿನ್ನ ಪುಸ್ತಕದಿಂದ ನಾನು ಉಳಿಸಿಕೊಂಡಿದ್ದು ಇಷ್ಟು.

ಅಲ್ಪವಿರಾಮ


ಸೆಪ್ಟೆಂಬರ್ 5

ಅಲ್ಪವಿರಾಮ,

ಬರೆದಿದ್ದೇನೆ. ಇದರ ಜೊತೆಗಿದೆ. ಕೈಬರಹ ಕೆಟ್ಟದಾಗಿದೆ, ಕಂಡಕ್ಟರಿಗೆ ನಿಧಾನವಾಗಿ ಓದಲು ಹೇಳು.

ನೀನು ಕೊಟ್ಟ ಗುರುತುಗಳನ್ನು ಹಿಡಿದು ಮೊದಲು ಒಮ್ಮೆ ಬರೆದೆ. ಕತ್ತರಿ, ಹೊಸ್ತಿಲು, ನಾಲ್ಕು ಕ್ಷಮಿಸು, ಎಲ್ಲ ಇತ್ತು. ಯಾರದೆಂದು ಹೇಳದೆ ಭಾನುವಾರದ ಕೂಟದಲ್ಲಿ ಓದಿದೆ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರೊಬ್ಬರು ಬರುತ್ತಾರೆ, ಯಾವ ಪುಸ್ತಕದ ಯಾವ ತೀರ್ಮಾನವನ್ನೂ ಒಪ್ಪುವುದಿಲ್ಲವಾದ್ದರಿಂದ ನಾವು ಅವರನ್ನು ಅಪೀಲು ಎನ್ನುತ್ತೇವೆ. ಅವರು ಕನ್ನಡಕ ತೆಗೆದು ಒರೆಸುತ್ತಾ, ‘ಇಷ್ಟು ಸಲೀಸಾಗಿ ರಾಜಿ ಆಗೋ ಹಾಗಿದ್ರೆ ಅಷ್ಟು ವರ್ಷ ಯಾಕೆ ಮಾತು ಬಿಟ್ಟಿದ್ರು?’ ಎಂದರು. ಪಕ್ಕದಲ್ಲಿದ್ದ ನರ್ಸು, ‘ಗಾಯ ತೊಳೀದೇನೇ ಪಟ್ಟಿ ಕಟ್ಟಿದಾರೆ’ ಎಂದಳು. ಮನೆಗೆ ಬಂದು ಅಷ್ಟನ್ನೂ ಹರಿದೆ. ಮೂವತ್ತೊಂದು ವರ್ಷದ ಹಿಂದೆ ಬರೆದದ್ದೂ ಹೀಗೆಯೇ ಇದ್ದಿರಬೇಕು. ಆಗ ನನಗೆ ಯಾರ ಜೊತೆಯೂ ಮಾತು ಬಿಟ್ಟು ಅಭ್ಯಾಸವಿರಲಿಲ್ಲ, ಗೊತ್ತಿಲ್ಲದ್ದನ್ನು ಬರೆದಿದ್ದೆ.

ಎರಡನೆಯ ಸಲ ಗುರುತು ಯಾವುದೂ ಇಟ್ಟುಕೊಳ್ಳಲಿಲ್ಲ. ಐದು ವಾರ ಹಿಡಿಯಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಏಣಿಯ ಮೇಲೆ ಕೂತು ಬರೆದೆ. ಹೋದ ಭಾನುವಾರ ಇದನ್ನು ಓದಿದೆ. ಮುಗಿದ ಮೇಲೆ ಅಪೀಲು ಕೈಚಾಚಿ ಕೊನೆಯ ಹಾಳೆ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿಕೊಂಡರು. ನರ್ಸು ಕೇಳಿದಳು, ‘ಯಾರು ಬರೆದಿದ್ದು ಮೇಡಂ?’

‘ನಾನು’ ಎಂದೆ.

‘ನೀವಾ?’ ಎಂದರು ಅಪೀಲು. ‘ಹದಿಮೂರು ವರ್ಷದಿಂದ ನಮ್ಮ ಕೈಲಿ ಕಂಡೋರ ಪುಸ್ತಕ ಓದಿಸಿದ್ರಲ್ಲ. ಇದಕ್ಕೆ ನಾವೇನು ಮಾಡಬೇಕು ನಿಮಗೆ?’ ನಿಜವಾಗಿಯೂ ಕೋಪ ಬಂದಿತ್ತು ಅವರಿಗೆ. ನನಗೆ ನಗು ಬಂತು, ಆಮೇಲೆ ಅಳುವೂ ಬಂತು, ಏಣಿಯ ಹಿಂದೆ ಹೋಗಿ ಮುಖ ಒರೆಸಿಕೊಂಡು ಬಂದೆ.

ಕಾರ್ಡಿನಲ್ಲಿದ್ದ ವಿಳಾಸಕ್ಕೂ ಒಂದು ಪ್ರತಿ ಕಳುಹಿಸಿದ್ದೇನೆ. ಆ ಮನೆ ಇದೆಯೋ, ಆ ಹೆಂಗಸು ಇದ್ದಾರೋ ಗೊತ್ತಿಲ್ಲ. ಕಳುಹಿಸಿ ಎಂದಿದ್ದರು, ಕಳುಹಿಸಿದೆ.

ಶಾಯಿ


ಸೆಪ್ಟೆಂಬರ್ 26

ಶಾಯಿ,

ಕೇಳಿದೆ.

ಕಂಡಕ್ಟರು ಮನೆಗೇ ಬಂದು ಓದಿದರು. ಧ್ವನಿಮುದ್ರಣ ಆಮೇಲೆ ಮಾಡಿಕೊಳ್ಳುತ್ತೇನೆ, ಮೊದಲು ನೀವು ಕೇಳಿ ಎಂದರು. ಸೊಸೆ ಅರ್ಧ ದಿನ ರಜೆ ಹಾಕಿದಳು. ‘ಪುಟ ನೂರ ನಲವತ್ತೈದು’ ಎಂದು ಅವರು ಕೂಗಿದಾಗ ಪಕ್ಕದ ಮನೆಯವರು ಕಿಟಕಿ ತೆರೆದ ಸದ್ದು ಕೇಳಿತು.

ನಾನು ಅಷ್ಟು ಹೊತ್ತೂ ಕಾಯುತ್ತಿದ್ದೆ, ಇಬ್ಬರಲ್ಲಿ ಯಾರಾದರೂ ಕ್ಷಮಿಸು ಎನ್ನುತ್ತಾರೆಂದು. ಯಾರೂ ಅನ್ನಲಿಲ್ಲ. ತಂಗಿ ಯಾಕೆ ಹೋದೆನೆಂದು ಹೇಳಲಿಲ್ಲ. ಅಕ್ಕ ಯಾಕೆ ಬಂದೆ ಎಂದು ಕೇಳಲಿಲ್ಲ. ‘ಬಂದ್ಯಾ? ಒಳಗೆ ಬಾ. ಈ ಸೂಜಿಗೆ ದಾರ ಪೋಣಿಸಿ ಕೊಡು, ನನಗೆ ಕಾಣ್ತಿಲ್ಲ’ ಎಂದಳು, ಅಷ್ಟೇ. ತಂಗಿ ಪೋಣಿಸುವ ದಾರ ಮೂರು ಸಲ ತಪ್ಪುವಾಗ ಕಂಡಕ್ಟರಿಗೆ ಓದಲು ಆಗಲಿಲ್ಲ. ಉಳಿದದ್ದನ್ನು ಸೊಸೆ ಓದಿದಳು. ಅವಳು ಇಷ್ಟು ಚೆನ್ನಾಗಿ ಓದುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನನ್ನ ಕಾಗದಗಳನ್ನು ಮಾತ್ರ ರೇಷನ್ ಪಟ್ಟಿಯ ಹಾಗೆ ಓದುತ್ತಾಳೆ.

ಹಳೆಯ ಪುಟಗಳಲ್ಲಿ ಅಕ್ಕನ ಕಣ್ಣು ಸರಿಯಾಗಿಯೇ ಇತ್ತು. ಮಂಜಾಗಿದ್ದಿದ್ದರೆ ನನಗೆ ನೆನಪಿರುತ್ತಿತ್ತು, ‘ಮಂಜು’ ಎಂಬ ಮಾತನ್ನು ಎಲ್ಲೂ ತಿದ್ದಿಲ್ಲ. ಯಾರ ಕಣ್ಣು ತಂದು ಅವಳಿಗೆ ಹಾಕಿದ್ದೀಯ ಎಂದು ಕೇಳುವುದಿಲ್ಲ. ಅಕ್ಕ ಯಾರು, ತಂಗಿ ಯಾರು ಎಂದೂ ಕೇಳುವುದಿಲ್ಲ. ಎರಡೂ ಕಡೆ ನನ್ನನ್ನೇ ಕಂಡೆ, ಎರಡೂ ಕಡೆ ನೀನೂ ಇದ್ದೆ.

ಸಂಜೆ ಉಳಿದ ಪುಸ್ತಕವನ್ನೂ ಹಾಕಿಸಿಕೊಂಡು ಕೊನೆಯವರೆಗೆ ಕೇಳಿದೆ. ಈಗ ಹೇಳಬಹುದು: ಮೊದಲಿಂದ ಕೊನೆತನಕ ಓದಿದೆ ಕಣೇ. ಈ ಸಲ ನಿಜ. ಚೆನ್ನಾಗಿದೆ. ನಡುವೆ ಒಂದು ಮದುವೆಯ ಪ್ರಕರಣ ಉದ್ದವಾಯಿತು, ಅಲ್ಲಿ ನಿದ್ದೆ ಬಂತು, ಅದನ್ನೂ ಹೇಳಿಬಿಡುತ್ತೇನೆ. ಆ ಹದಿನಾರು ಪುಟ ಮಾತ್ರ ಉಳಿದೆಲ್ಲಕ್ಕಿಂತ ಮೇಲು. ಬರೆದವಳಿಗೆ ಬರೆಯಲು ಬರುತ್ತದೆ.

ನಿನ್ನ ಕೂಟಕ್ಕೆ ಕಣ್ಣಿಲ್ಲದವರು ಬರಬಹುದೇ? ಕೈಪಿಡಿಯಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲ. ಸೊಸೆ ಬಸ್ಸಿನ ವೇಳೆ ನೋಡಿದ್ದಾಳೆ, ಕಂಡಕ್ಟರು ಸೀಟು ಹಿಡಿದುಕೊಡುತ್ತಾರಂತೆ. ನೀನು ಬೇಡವೆಂದರೆ ಬರುವುದಿಲ್ಲ.

ಅಲ್ಪವಿರಾಮ


ಅಕ್ಟೋಬರ್ 4

ಅಲ್ಪವಿರಾಮ,

ಬಾ.

ಭಾನುವಾರ ಹತ್ತಕ್ಕೆ ಶುರು. ನೀನು ಒಂಬತ್ತಕ್ಕೇ ಬಾ, ಅಪೀಲು ಬಂದ ಮೇಲೆ ನಮಗೆ ಮಾತಾಡಲು ಬಿಡುವುದಿಲ್ಲ. ಬಸ್ಸು ಅಂಚೆ ಕಚೇರಿಯ ಮುಂದೆ ನಿಲ್ಲುತ್ತದೆ. ಗೋಡೆಯನ್ನು ಬಲಗೈಗೆ ಹಿಡಿದು ಹಿಂದಕ್ಕೆ ಬಂದರೆ ಅರವತ್ತೆರಡು ಹೆಜ್ಜೆ. ನಿನ್ನೆ ಕಣ್ಣು ಮುಚ್ಚಿಕೊಂಡು ನಡೆದು ಎಣಿಸಿದೆ. ಎದುರಿನ ಸೈಕಲ್ ರಿಪೇರಿಯವನು ಏನಾಯಿತು ಎಂದು ಓಡಿಬಂದ.

ಅಂಗಡಿಗೆ ಮೂರು ಮೆಟ್ಟಿಲು. ಮೂರನೆಯದು ಉಳಿದೆರಡಕ್ಕಿಂತ ಎತ್ತರ, ಅಲ್ಲಿ ಎಲ್ಲರೂ ಎಡವುತ್ತಾರೆ. ನಾನು ಅಲ್ಲೇ ನಿಂತಿರುತ್ತೇನೆ.

ಶಾಯಿ